ಕಾಲೇಜಿನ ಮಧ್ಯಮ ಹಂತದ ಸ್ಪ್ಯಾನಿಷ್: ಕನ್ನಡದ ಆಸರೆಯಲ್ಲಿ ವ್ಯಾಕರಣ ಮತ್ತು ಮಾತು

ಅಮೆರಿಕದ ಕಾಲೇಜುಗಳಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳು ಕಲಿಯುವ ಪರಭಾಷೆ ಸ್ಪ್ಯಾನಿಷ್. ಅಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರೂ ಪದವಿಯ ಪರಭಾಷಾ ನಿಯಮವನ್ನು ಪೂರೈಸಲೆಂದೋ, ನೆರೆಹೊರೆಯಲ್ಲಿ ಆ ಭಾಷೆ ಕೇಳಿಸುತ್ತದೆಯೆಂದೋ ಈ ತರಗತಿಗೆ ಸೇರುತ್ತಾರೆ. ಮೊದಲ ಎರಡು ಸೆಮಿಸ್ಟರುಗಳಲ್ಲಿ ಹೆಸರು, ಊರು, ಊಟ, ಗಂಟೆ, ಹವಾಮಾನ ಇಷ್ಟನ್ನು ಹೇಳಲು ಕಲಿತರೆ ಸಾಕಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಿಗೆ ಸಾಮಾನ್ಯವಾಗಿ ಮಧ್ಯಮ ಹಂತವೆಂದು ಹೆಸರು. ಇಲ್ಲಿ ನಡೆದ ಸಂಗತಿಯನ್ನು ಕಥೆಯಾಗಿ ಹೇಳಬೇಕು, ಅಭಿಪ್ರಾಯವನ್ನು ಸಮರ್ಥಿಸಬೇಕು, ಹಾರೈಸಬೇಕು, ಅನುಮಾನಿಸಬೇಕು, "ಹೀಗಿದ್ದಿದ್ದರೆ ಹಾಗಾಗುತ್ತಿತ್ತು" ಎಂದು ಊಹಿಸಬೇಕು. ಪಾಠವೆಲ್ಲ ಸ್ಪ್ಯಾನಿಷ್‌ನಲ್ಲೇ ನಡೆದರೂ ಪಠ್ಯಪುಸ್ತಕದ ವ್ಯಾಕರಣ ವಿವರಣೆ ಇಂಗ್ಲಿಷಿನಲ್ಲಿರುತ್ತದೆ ಮತ್ತು ಅದು ಇಂಗ್ಲಿಷ್ ಮಾತೃಭಾಷೆಯವರಿಗೆ ಎಲ್ಲಿ ತೊಡಕಾಗುತ್ತದೋ ಅಲ್ಲಿ ಮಾತ್ರ ವಿಸ್ತಾರವಾಗಿ ನಿಲ್ಲುತ್ತದೆ. ಕನ್ನಡದವರಿಗೆ ತೊಡಕಾಗುವ ಜಾಗಗಳೇ ಬೇರೆ. ಆದುದರಿಂದ ಈ ಹಂತದಲ್ಲಿ ಇಂಗ್ಲಿಷನ್ನು ನಡುವೆ ತರದೆ, ಕನ್ನಡ ವಾಕ್ಯದಿಂದ ನೇರವಾಗಿ ಸ್ಪ್ಯಾನಿಷ್ ವಾಕ್ಯಕ್ಕೆ ಹೋಗುವ ಅಭ್ಯಾಸ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈ ಬರಹದಲ್ಲಿ ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ತೋರಿಸಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದ ಮಾತ್ರ ಇದೆ. ಆ ಭೇದ ಸಣ್ಣದಲ್ಲ: "ಆಬ್ಲೊ" ಎಂದರೆ ನಾನು ಮಾತನಾಡುತ್ತೇನೆ, "ಅಬ್ಲೋ" ಎಂದರೆ ಅವನು ಮಾತನಾಡಿದನು ಅಥವಾ ಅವಳು ಮಾತನಾಡಿದಳು. ಒತ್ತು ಜಾಗ ಬದಲಾಯಿಸಿದೊಡನೆ ಕರ್ತೃವೂ ಕಾಲವೂ ಬದಲಾಗುತ್ತವೆ.

ಉಚ್ಚಾರಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಏಕೆಂದರೆ ಕನ್ನಡದವರ ನಾಲಿಗೆ ಆಗಲೇ ಸಿದ್ಧವಾಗಿದೆ. ಸ್ಪ್ಯಾನಿಷ್‌ನ ತ ಮತ್ತು ದ ನಮ್ಮ ತಕಾರ ದಕಾರಗಳಂತೆ ಹಲ್ಲಿಗೆ ತಾಗುವ ಧ್ವನಿಗಳು. ಪ, ತ, ಕಗಳಲ್ಲಿ ಮಹಾಪ್ರಾಣದ ಛಾಯೆ ಇಲ್ಲ. ತೊಂದರೆ ಬರುವುದು ರೋಮನ್ ಅಕ್ಷರ ಕಂಡೊಡನೆ ಇಂಗ್ಲಿಷ್ ಓದುವ ರೂಢಿಯಿಂದ ಟಕಾರ ಡಕಾರಗಳನ್ನು ಹಾಕಿಬಿಡುವಾಗ. ಹೊಸ ಪದವನ್ನು ಟಿಪ್ಪಣಿ ಪುಸ್ತಕದಲ್ಲಿ ಒಮ್ಮೆ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ದೋಷ ಬೇಗ ಹೋಗುತ್ತದೆ. ಇಂಗ್ಲಿಷಿನ ಬಿ ಮತ್ತು ವಿ ಅಕ್ಷರಗಳೆರಡಕ್ಕೂ ಇಲ್ಲಿ ಒಂದೇ ಧ್ವನಿ, ಆದ್ದರಿಂದ ಎರಡನ್ನೂ ಬಕಾರವಾಗಿಯೇ ಬರೆದಿದ್ದೇನೆ. "ಪೇರೊ" ಎಂದರೆ ಆದರೆ, "ಪೇರ್ರೊ" ಎಂದರೆ ನಾಯಿ. ಎರಡನೆಯದರಲ್ಲಿ ನಾಲಿಗೆ ಹಲವು ಸಲ ಕಂಪಿಸಬೇಕು.

ಕನ್ನಡ ಕೈ ಹಿಡಿಯುವ ಜಾಗಗಳು

"ನನಗೆ ಕಾಫಿ ಇಷ್ಟ" ಎಂಬ ವಾಕ್ಯದಲ್ಲಿ ಇಷ್ಟಪಡುವ ವ್ಯಕ್ತಿಗೆ ಚತುರ್ಥಿ ವಿಭಕ್ತಿ ಬಂದಿದೆ. ಸ್ಪ್ಯಾನಿಷ್‌ನ "ಮೆ ಗೂಸ್ತ ಎಲ್ ಕಫೇ" ಎಂಬ ವಾಕ್ಯದ ರಚನೆಯೂ ಅದೇ: "ಮೆ" ಎಂದರೆ ನನಗೆ. ಕರ್ತೃಸ್ಥಾನದಲ್ಲಿರುವುದು ಕಾಫಿ. ಪುಸ್ತಕಗಳು ಇಷ್ಟ ಎನ್ನುವಾಗ ಕರ್ತೃ ಬಹುವಚನವಾದ್ದರಿಂದ ಕ್ರಿಯಾಪದವೂ "ಮೆ ಗೂಸ್ತನ್ ಲೊಸ್ ಲೀಬ್ರೊಸ್" ಎಂದು ಬಹುವಚನಕ್ಕೆ ತಿರುಗುತ್ತದೆ. ಇಂಗ್ಲಿಷಿನ ಮೂಲಕ ಹೋಗುವವರು ಈ ರಚನೆಯನ್ನು ತಲೆಕೆಳಗು ಮಾಡಿಕೊಂಡು ವಾರಗಟ್ಟಲೆ ಒದ್ದಾಡುತ್ತಾರೆ. ಕನ್ನಡದವರು ಒದ್ದಾಡಬೇಕಾಗಿಲ್ಲ. "ನನಗೆ ತಲೆ ನೋಯುತ್ತಿದೆ" ಎಂಬುದು "ಮೆ ದ್ವೇಲೆ ಲ ಕಬೇಸ", "ನನಗೆ ಅನ್ನಿಸುತ್ತದೆ" ಎಂಬುದು "ಮೆ ಪರೇಸೆ", "ಅಮ್ಮನಿಗೆ ಚಹಾ ಇಷ್ಟ" ಎಂಬುದು "ಅ ಮಿ ಮಾದ್ರೆ ಲೆ ಗೂಸ್ತ ಎಲ್ ತೇ". ಕೊನೆಯ ವಾಕ್ಯದಲ್ಲಿ "ಅಮ್ಮನಿಗೆ" ಎಂದಾದ ಮೇಲೂ "ಅವಳಿಗೆ" ಎಂಬರ್ಥದ "ಲೆ" ಬರಲೇಬೇಕೆಂಬುದು ಮಾತ್ರ ನಮಗೆ ಹೊಸದು.

ಆದರೆ ಚತುರ್ಥಿಯ ಹೋಲಿಕೆಯನ್ನು ಎಲ್ಲೆಡೆಗೂ ಎಳೆಯಬಾರದು. "ನನಗೆ ಹಸಿವಾಗಿದೆ", "ನನಗೆ ಒಬ್ಬ ತಮ್ಮನಿದ್ದಾನೆ", "ನನಗೆ ಗೊತ್ತು" ಎಂದು ನಾವು ಹೇಳುವ ಕಡೆ ಸ್ಪ್ಯಾನಿಷ್‌ನಲ್ಲಿ "ನಾನು" ಎಂಬುದೇ ಕರ್ತೃ. ಹಸಿವನ್ನೂ ತಮ್ಮನನ್ನೂ "ತೇಂಗೊ", ಅಂದರೆ ಹೊಂದಿದ್ದೇನೆ, ಎಂಬ ಕ್ರಿಯಾಪದದಿಂದ ಹೇಳಬೇಕು. ಗೊತ್ತು ಎಂಬುದಕ್ಕೆ "ಸೇ" ಎನ್ನಬೇಕು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕನ್ನಡದ "ನನಗೆ" ವಾಕ್ಯಗಳನ್ನು ಎರಡು ಸಾಲಾಗಿ ಬೇರ್ಪಡಿಸಿ ಬರೆದಿಡಿ: ಸ್ಪ್ಯಾನಿಷ್‌ನಲ್ಲಿಯೂ "ಮೆ" ಬರುವವು ಒಂದು ಕಡೆ, ಬಾರದವು ಇನ್ನೊಂದು ಕಡೆ. ಆ ಪುಟ ಸೆಮಿಸ್ಟರಿನುದ್ದಕ್ಕೂ ಬೆಳೆಯುತ್ತ ಹೋಗಲಿ.

ಸರ್ವನಾಮಗಳ ಕ್ರಮದಲ್ಲಿಯೂ ಇಂಥದೇ ಅನುಕೂಲವಿದೆ. "ಅವನಿಗೆ ಅದನ್ನು ಕೊಟ್ಟೆ" ಎಂಬ ವಾಕ್ಯವನ್ನು ಸ್ಪ್ಯಾನಿಷ್‌ನಲ್ಲಿ "ಸೆ ಲೊ ದೀ" ಎನ್ನುತ್ತಾರೆ. ಮೊದಲು ಅವನಿಗೆ, ಬಳಿಕ ಅದನ್ನು, ಕೊನೆಗೆ ಕೊಟ್ಟೆ: ಮೂರು ಪದಗಳೂ ಕನ್ನಡದ ಅನುಕ್ರಮದಲ್ಲೇ ನಿಂತಿವೆ. "ನಾನು" ಎಂಬುದನ್ನು ಕ್ರಿಯಾಪದದ ಪ್ರತ್ಯಯವೇ ಹೇಳುವುದರಿಂದ ಎರಡೂ ಭಾಷೆಗಳಲ್ಲಿ ಅದು ಬೇಕಾಗಿಲ್ಲ. ಅವನಿಗೆ ಎಂಬುದಕ್ಕೆ ಸಾಮಾನ್ಯವಾಗಿ "ಲೆ" ಬರಬೇಕಾದರೂ "ಲೊ" ಎದುರಾದಾಗ ಅದು "ಸೆ" ಆಗುತ್ತದೆ ಎಂಬ ನಿಯಮವೊಂದನ್ನು ಮಾತ್ರ ಬಾಯಿಪಾಠ ಮಾಡಬೇಕು. ನಿಷೇಧವಲ್ಲದ ಆಜ್ಞಾರ್ಥದಲ್ಲಿ ಇವು ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತವೆ: "ನನಗೆ ಅದನ್ನು ಕೊಡು" ಎಂಬುದು "ದಾಮೆಲೊ" ಆಗುತ್ತದೆ.

ಮನುಷ್ಯರು ಕರ್ಮವಾದಾಗ ಸ್ಪ್ಯಾನಿಷ್ "ಅ" ಎಂಬ ಗುರುತನ್ನು ಹಾಕುತ್ತದೆ, ವಸ್ತುಗಳಿಗೆ ಹಾಕುವುದಿಲ್ಲ. "ಬೇಒ ಲ ಕಾಸ" ಎಂದರೆ ಮನೆ ನೋಡುತ್ತೇನೆ, "ಬೇಒ ಅ ಮರೀಅ" ಎಂದರೆ ಮರಿಯಳನ್ನು ನೋಡುತ್ತೇನೆ. ನಾವೂ "ಮನೆ ನೋಡಿದೆ" ಎಂದು ದ್ವಿತೀಯಾ ಪ್ರತ್ಯಯ ಬಿಟ್ಟು ಹೇಳುತ್ತೇವೆ, "ಮರಿಯ ನೋಡಿದೆ" ಎಂದು ಎಂದೂ ಹೇಳುವುದಿಲ್ಲ. ಈ ಪಾಠ ಬಂದಾಗ ಪುಸ್ತಕದ ಅಪವಾದಗಳ ಪಟ್ಟಿಗೆ ಹೆದರುವ ಮೊದಲು ಈ ಮೂಲ ಸಾಮ್ಯವನ್ನು ನೆನಪಿಟ್ಟುಕೊಳ್ಳಿ.

ಭೂತಕಾಲ ಎರಡು

ಮಧ್ಯಮ ಹಂತದ ಬಹುಪಾಲು ಸಮಯ ಎರಡು ಭೂತಕಾಲಗಳ ನಡುವಿನ ಆಯ್ಕೆಗೆ ಹೋಗುತ್ತದೆ. ಮುಗಿದ ಘಟನೆಗೆ ಒಂದು ರೂಪ, ನಡೆಯುತ್ತಿದ್ದ ಅಥವಾ ಮತ್ತೆ ಮತ್ತೆ ನಡೆಯುತ್ತಿದ್ದ ಸಂಗತಿಗೆ ಇನ್ನೊಂದು ರೂಪ. "ಓದುತ್ತಿದ್ದೆ, ಆಗ ಫೋನ್ ಬಂತು" ಎಂಬುದು "ಲೆಯೀಅ ಕ್ವಾಂದೊ ಸೊನೋ ಎಲ್ ತೆಲೇಫೊನೊ". ಕನ್ನಡದ "ಓದುತ್ತಿದ್ದೆ" ಎಂಬ ಒಂದೇ ರೂಪವು ಆ ಕ್ಷಣದಲ್ಲಿ ನಡೆಯುತ್ತಿದ್ದುದನ್ನೂ ದಿನವೂ ನಡೆಯುತ್ತಿದ್ದುದನ್ನೂ ಹೇಳುತ್ತದೆ. ಸ್ಪ್ಯಾನಿಷ್‌ನ "ಲೆಯೀಅ" ಕೂಡ ಹಾಗೆಯೇ. ಆದ್ದರಿಂದ ಕಥೆ ಹೇಳುವಾಗ ಮೊದಲು ಅದನ್ನು ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು, "-ತ್ತಿದ್ದ" ಬಂದ ಕಡೆಯಲ್ಲೆಲ್ಲ ಎರಡನೆಯ ರೂಪವನ್ನೂ ಉಳಿದ ಕಡೆ ಮೊದಲನೆಯ ರೂಪವನ್ನೂ ಇಟ್ಟರೆ, ಕ್ರಿಯೆಗಳ ಮಟ್ಟಿಗೆ ಬಹುತೇಕ ಸರಿಯಾಗುತ್ತದೆ.

ಇದಕ್ಕಿಂತಲೂ ಸೊಗಸಾದುದು ಮುಂದಿನ ಪಾಠದಲ್ಲಿದೆ. ಕೆಲವು ಕ್ರಿಯಾಪದಗಳು ಕಾಲ ಬದಲಾದರೆ ಅರ್ಥವನ್ನೇ ಬದಲಿಸುತ್ತವೆ ಎಂದು ಪಠ್ಯಪುಸ್ತಕಗಳು ಪ್ರತ್ಯೇಕ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತವೆ. ಕನ್ನಡದವರಿಗೆ ಆ ಪಟ್ಟಿ ಬೇಕಾಗಿಲ್ಲ. "ಗೊತ್ತಿತ್ತು" ಎಂಬುದು "ಸಬೀಅ", "ಗೊತ್ತಾಯಿತು" ಎಂಬುದು "ಸೂಪೆ". "ಅವರ ಪರಿಚಯವಿತ್ತು" ಎಂಬುದು "ಕೊನೊಸೀಅ", "ಅವರ ಪರಿಚಯವಾಯಿತು" ಎಂಬುದು "ಕೊನೊಸೀ". ಇರು ಮತ್ತು ಆಗು ಎಂಬ ಎರಡು ಧಾತುಗಳಿಂದ ನಾವು ದಿನವೂ ಮಾಡುವ ಭೇದವನ್ನೇ ಸ್ಪ್ಯಾನಿಷ್ ಕಾಲಪ್ರತ್ಯಯಗಳಿಂದ ಮಾಡುತ್ತದೆ. ಸ್ಥಿತಿಯಾದರೆ ಒಂದು, ಸ್ಥಿತಿಯ ಆರಂಭವಾದರೆ ಇನ್ನೊಂದು.

ಕೈ ಕೊಡುವ ಜಾಗ "ಇತ್ತು" ಎಂಬ ಪದ. "ಸಿನಿಮಾ ಚೆನ್ನಾಗಿತ್ತು", "ಮನೆ ದೊಡ್ಡದಾಗಿತ್ತು", "ಮೂರು ದಿನ ಜ್ವರವಿತ್ತು" ಎಂಬ ಮೂರೂ ಕನ್ನಡದಲ್ಲಿ ಒಂದೇ ಬಗೆಯವು. ಸ್ಪ್ಯಾನಿಷ್‌ನಲ್ಲಿ ಮೂರು ದಿನ ಎಂದು ಅವಧಿಯ ಎಲ್ಲೆ ಹೇಳಿದೊಡನೆ ಅದು ಮುಗಿದ ಘಟನೆಯ ರೂಪವನ್ನು ಬೇಡುತ್ತದೆ. ಮನೆಯ ಗಾತ್ರದಂಥ ಹಿನ್ನೆಲೆಯ ವರ್ಣನೆಗೆ ಇನ್ನೊಂದು ರೂಪ. ಸಿನಿಮಾದ ವಿಷಯದಲ್ಲಿ, ನೋಡಿ ಮುಗಿಸಿದ ಒಟ್ಟು ಅನುಭವದ ತೀರ್ಪನ್ನು ಹೇಳುತ್ತಿದ್ದೀರೋ ಕಥೆಯ ನಡುವೆ ವರ್ಣಿಸುತ್ತಿದ್ದೀರೋ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಪ್ರಬಂಧ ತಿದ್ದಿ ಬಂದಾಗ ಕೆಂಪು ಗುರುತುಗಳು ಹೆಚ್ಚಾಗಿ ಎಲ್ಲಿ ಬಿದ್ದಿವೆಯೆಂದು ನೋಡಿದರೆ, ಅದು ಈ "ಇತ್ತು"ವಿನ ಸುತ್ತಲೇ ಎಂಬುದು ಕಾಣುತ್ತದೆ.

ಕನ್ನಡ ಕೈ ಬಿಡುವ ಜಾಗಗಳು

ನಮ್ಮಲ್ಲಿ ಕ್ರಿಯಾಪದ ಲಿಂಗವನ್ನು ತೋರಿಸುತ್ತದೆ, ಗುಣವಾಚಕ ತೋರಿಸುವುದಿಲ್ಲ. ದೊಡ್ಡ ಹುಡುಗ ಬಂದನು, ದೊಡ್ಡ ಹುಡುಗಿ ಬಂದಳು. ಸ್ಪ್ಯಾನಿಷ್‌ನಲ್ಲಿ ಇದು ತಿರುಗುಮುರುಗು: ಗುಣವಾಚಕ ಲಿಂಗ ವಚನಗಳಿಗೆ ತಕ್ಕಂತೆ ಬದಲಾಗುತ್ತದೆ, ಬಂದವನಿಗೂ ಬಂದವಳಿಗೂ ಕ್ರಿಯಾಪದ ಒಂದೇ. ಅದರ ಮೇಲೆ ಮೇಜು ಕುರ್ಚಿಗಳಿಗೂ ಲಿಂಗವಿದೆ. ನಾಮಪದವನ್ನು ಎಂದಿಗೂ ಒಂಟಿಯಾಗಿ ಕಲಿಯದೆ "ಲ ಮಾನೊ", "ಎಲ್ ಪ್ರೊಬ್ಲೇಮ" ಎಂದು ಅದರ ಲಿಂಗಸೂಚಕದೊಂದಿಗೇ ಕಲಿಯುವುದು ಇದಕ್ಕಿರುವ ಒಂದೇ ದಾರಿ.

ಇರು ಎಂಬ ನಮ್ಮ ಒಂದು ಧಾತುವಿನ ಜಾಗದಲ್ಲಿ ಸ್ಪ್ಯಾನಿಷ್‌ಗೆ "ಸೇರ್" ಮತ್ತು "ಎಸ್ತಾರ್" ಎಂಬ ಎರಡಿವೆ. ಶಾಶ್ವತವಾದುದಕ್ಕೆ ಮೊದಲನೆಯದು, ತಾತ್ಕಾಲಿಕವಾದುದಕ್ಕೆ ಎರಡನೆಯದು ಎಂದು ಮೊದಲ ವರ್ಷ ಹೇಳಿಕೊಟ್ಟ ಸೂತ್ರವನ್ನು ಈ ಹಂತದಲ್ಲಿ ಕೈಬಿಡಬೇಕು. ಸಾವಿಗಿಂತ ಶಾಶ್ವತವಾದುದು ಯಾವುದೂ ಇಲ್ಲ, ಆದರೂ "ಅವನು ಸತ್ತಿದ್ದಾನೆ" ಎಂಬುದಕ್ಕೆ "ಎಸ್ತಾ ಮ್ವೇರ್ತೊ" ಎನ್ನುತ್ತಾರೆ. ಒಂದು ಸಂಜೆಯ ಸಮಾರಂಭ ಎಲ್ಲಿ ನಡೆಯುತ್ತದೆಯೆಂದು ಹೇಳುವಾಗ "ಲ ಫ್ಯೇಸ್ತ ಎಸ್ ಎನ್ ಮಿ ಕಾಸ" ಎನ್ನುತ್ತಾರೆ. ಏನು, ಯಾರು, ಎಂಥದು ಎಂಬ ಗುರುತಿಗೆ ಮೊದಲನೆಯದು, ಯಾವ ಸ್ಥಿತಿಯಲ್ಲಿ, ಯಾವ ಜಾಗದಲ್ಲಿ ಎಂಬುದಕ್ಕೆ ಎರಡನೆಯದು, ಸಮಾರಂಭದ ಜಾಗಕ್ಕೆ ಮಾತ್ರ ಮೊದಲನೆಯದು ಎಂದು ಇಟ್ಟುಕೊಂಡರೆ ಹೆಚ್ಚು ದೂರ ಹೋಗಬಹುದು. "ಎಸ್ ಅಬುರ್ರೀದೊ" ಎಂದರೆ ಅವನು ಬೇಸರ ಹುಟ್ಟಿಸುವವನು, "ಎಸ್ತಾ ಅಬುರ್ರೀದೊ" ಎಂದರೆ ಅವನಿಗೆ ಬೇಸರವಾಗಿದೆ. ಸಹಪಾಠಿಯ ಬಗ್ಗೆ ಮಾತನಾಡುವಾಗ ಈ ಭೇದವನ್ನು ಕಾಯ್ದುಕೊಳ್ಳುವುದು ಒಳ್ಳೆಯದು.

ವಿಶೇಷಣ ವಾಕ್ಯಗಳಲ್ಲಿ ತೊಡಕು ಇನ್ನೂ ಆಳವಾಗಿದೆ. "ನಿನ್ನೆ ಬಂದ ಹುಡುಗ" ಎಂದು ನಾವು ವಿವರಣೆಯನ್ನು ಮೊದಲು ಹೇಳಿ ನಾಮಪದವನ್ನು ಕೊನೆಗಿಡುತ್ತೇವೆ. ಸ್ಪ್ಯಾನಿಷ್ ಹುಡುಗನನ್ನು ಮೊದಲು ಹೇಳಿ "ಕೆ" ಸೇರಿಸಿ ವಿವರಿಸುತ್ತದೆ: "ಎಲ್ ಚೀಕೊ ಕೆ ಬೀನೊ ಅಯೇರ್". ಮಾತಿನ ನಡುವೆ ಕನ್ನಡದವರು ತಡವರಿಸಿ ನಿಲ್ಲುವುದು ಬಹುಮಟ್ಟಿಗೆ ಇಲ್ಲಿಯೇ. ಜೊತೆಗೆ "ನಾನು ಊಟ ಮಾಡಿದ ಹೋಟೆಲು", "ನಾನು ಮಾತಾಡಿದ ಹುಡುಗಿ" ಎಂಬಲ್ಲಿ ಹೋಟೆಲಿನಲ್ಲಿ, ಹುಡುಗಿಯೊಂದಿಗೆ ಎಂಬ ಸಂಬಂಧವನ್ನು ನಮ್ಮ ಕೃದಂತ ನುಂಗಿಬಿಡುತ್ತದೆ. ಸ್ಪ್ಯಾನಿಷ್ ಅದನ್ನು ಬಿಡದೆ ಹೇಳಿಸುತ್ತದೆ: "ಲ ಚೀಕ ಕೋನ್ ಲ ಕೆ ಅಬ್ಲೇ". ಕೋಣೆಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಎತ್ತಿಕೊಂಡು "ಇದು ಅಪ್ಪ ಕೊಟ್ಟ ಗಡಿಯಾರ", "ಇದು ನಾನು ಮಲಗುವ ಮಂಚ" ಎಂಬಂಥ ವಾಕ್ಯಗಳನ್ನು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಹೇಳಿದರೆ ನಾಲಿಗೆ ಈ ಕ್ರಮಕ್ಕೆ ಒಗ್ಗುತ್ತದೆ.

ಸಂಭಾವನಾ ರೂಪ

ಸ್ಪ್ಯಾನಿಷ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಕ್ರಿಯಾರೂಪ ಒಂದು, ಆಶಿಸಿದ, ಅನುಮಾನಿಸಿದ, ಇನ್ನೂ ನಡೆಯದ ಸಂಗತಿಯನ್ನು ಹೇಳುವ ರೂಪ ಇನ್ನೊಂದು. ಎರಡನೆಯದನ್ನು ಇಲ್ಲಿ ಸಂಭಾವನಾ ರೂಪ ಎಂದು ಕರೆಯುತ್ತೇನೆ. ನಾಲ್ಕನೆಯ ಸೆಮಿಸ್ಟರಿನ ಹೃದಯ ಇದೇ.

ಇದರ ಹೊಸ್ತಿಲಿನವರೆಗೆ ಕನ್ನಡ ನಮ್ಮನ್ನು ಕರೆತರುತ್ತದೆ. "ಒಳ್ಳೆಯದಾಗಲಿ" ಎಂದು ಬೀಳ್ಕೊಡುವ ಕಡೆ ಅವರು "ಕೆ ತೆ ಬಾಯ ಬ್ಯೇನ್" ಎನ್ನುತ್ತಾರೆ, "ಬೇಗ ಗುಣವಾಗಲಿ" ಎನ್ನುವ ಕಡೆ "ಕೆ ತೆ ಮೆಹೋರೆಸ್" ಎನ್ನುತ್ತಾರೆ. "ಅವನು ಬರಲಿ ಎಂದು ಬಯಸುತ್ತೇನೆ" ಎಂಬುದು "ಕ್ಯೇರೊ ಕೆ ಬೇಂಗ". ಕನ್ನಡದ "-ಅಲಿ" ಬರುವಲ್ಲಿ ಸಂಭಾವನಾ ರೂಪ ಬರುತ್ತದೆಂದು ಧೈರ್ಯವಾಗಿ ನಂಬಬಹುದು. ಬಯಸುವವನೂ ಮಾಡುವವನೂ ಒಬ್ಬನೇ ಆದರೆ ಈ ರೂಪ ಬೇಡ, "ಕ್ಯೇರೊ ಇರ್", ಅಂದರೆ ಹೋಗಲು ಬಯಸುತ್ತೇನೆ, ಎಂದರೆ ಸಾಕು.

ಆ ಹೊಸ್ತಿಲಿನಾಚೆ ಮೂರು ಸಂದರ್ಭಗಳನ್ನು ಶ್ರಮಪಟ್ಟೇ ಕಲಿಯಬೇಕು. ಮೊದಲನೆಯದು ಅನುಮಾನ: "ಬರುತ್ತಾನೆಂದು ಭಾವಿಸುತ್ತೇನೆ" ಎಂಬುದು "ಕ್ರೇಒ ಕೆ ಬ್ಯೇನೆ" ಎಂದು ಸಾಮಾನ್ಯ ರೂಪದಲ್ಲಿರುತ್ತದೆ, "ಬರುತ್ತಾನೆಂದು ಭಾವಿಸುವುದಿಲ್ಲ" ಎಂದೊಡನೆ "ನೊ ಕ್ರೇಒ ಕೆ ಬೇಂಗ" ಎಂದು ಬದಲಾಗುತ್ತದೆ. ಎರಡನೆಯದು ಭಾವನೆ: "ನೀನು ಇಲ್ಲಿರುವುದು ನನಗೆ ಸಂತೋಷ" ಎಂಬಲ್ಲಿ ನೀನು ನಿಜವಾಗಿಯೂ ಎದುರಿಗಿದ್ದರೂ "ಮೆ ಅಲೇಗ್ರ ಕೆ ಎಸ್ತೇಸ್ ಅಕೀ" ಎಂದು ಸಂಭಾವನಾ ರೂಪವೇ ಬೇಕು. ಮೂರನೆಯದು ಮುಂದೆ ನಡೆಯಲಿರುವ ಹೊತ್ತು: "ತಲುಪಿದಾಗ ಫೋನ್ ಮಾಡು" ಎಂದು ನಾವು ಭೂತ ಕೃದಂತದಿಂದ ಹೇಳುವುದನ್ನು ಅವರು "ಕ್ವಾಂದೊ ಯೇಗೆಸ್, ಯಾಮಮೆ" ಎನ್ನುತ್ತಾರೆ. ಮೂರನೆಯದೇ ದಿನಬಳಕೆಯಲ್ಲಿ ಅತಿ ಹೆಚ್ಚು ಬರುವುದರಿಂದ ಅದಕ್ಕೆ ಹೆಚ್ಚಿನ ಅಭ್ಯಾಸ ಕೊಡಿ.

ರೂಪ ಕಟ್ಟುವುದು ಕಷ್ಟವಲ್ಲ. ವರ್ತಮಾನದ "ನಾನು" ರೂಪವನ್ನು ತೆಗೆದುಕೊಂಡು ಕೊನೆಯ ಒಕಾರವನ್ನು ಬಿಟ್ಟು ಎದುರು ಗುಂಪಿನ ಸ್ವರವನ್ನು, ಅಂದರೆ "-ಆರ್" ಎಂದು ಮುಗಿಯುವ ಧಾತುಗಳಿಗೆ ಎಕಾರವನ್ನೂ "-ಏರ್", "-ಈರ್" ಎಂದು ಮುಗಿಯುವವಕ್ಕೆ ಅಕಾರವನ್ನೂ, ಹಚ್ಚಬೇಕು: "ಆಬ್ಲೊ" ಎಂಬುದು "ಆಬ್ಲೆ", "ಬೇಂಗೊ" ಎಂಬುದು "ಬೇಂಗ". "ನಾನು" ರೂಪ ಒಕಾರದಲ್ಲಿ ಮುಗಿಯದ ಆರು ಧಾತುಗಳು ಮಾತ್ರ ಹೊರಗುಳಿಯುತ್ತವೆ: "ದೇ, ಎಸ್ತೇ, ಆಯ, ಸೇಪ, ಸೇಅ, ಬಾಯ". ಇವನ್ನು ಮಗ್ಗಿಯಂತೆ ಒಂದೇ ಉಸಿರಿನಲ್ಲಿ ಹೇಳಿ ರೂಢಿಮಾಡಿಕೊಳ್ಳಿ.

"ಈಗ ಸಮಯವಿದ್ದಿದ್ದರೆ ಹೋಗುತ್ತಿದ್ದೆ" ಎಂಬಂಥ ವಾಕ್ಯಗಳಲ್ಲಿ ಕನ್ನಡದ "ಹೋಗುತ್ತಿದ್ದೆ" ನಮ್ಮನ್ನು ಹಿಂದಿನ ಪಾಠದ ಭೂತಕಾಲದ ಕಡೆಗೆ ಎಳೆಯುತ್ತದೆ. ತರಗತಿಯಲ್ಲಿ ಅಪೇಕ್ಷಿಸುವುದು "ಸಿ ತುಬ್ಯೇರ ತ್ಯೇಂಪೊ, ಇರೀಅ" ಎಂಬ ಜೋಡಿ. "ಸಿ" ಇರುವ ಭಾಗದಲ್ಲಿ "-ರೀಅ" ಬರಕೂಡದು ಎಂಬುದನ್ನು ಮರೆಯಬೇಡಿ.

ತರಗತಿಯಲ್ಲಿ ಮಾತು

ವ್ಯಾಕರಣದ ಓದು ತರಗತಿಗೆ ಹೋಗುವ ಮೊದಲೇ ಮುಗಿದಿರಬೇಕು. ತರಗತಿಯ ಹೊತ್ತು ಬಾಯಿ ತೆರೆಯುವುದಕ್ಕೆ. ವಾರಕ್ಕೆ ಮೂರು ನಾಲ್ಕು ಗಂಟೆಗಳ ಪಾಠದಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತನಾಡಲು ಸಿಗುವ ಸಮಯ ಬಹಳ ಕಡಿಮೆಯಾದ್ದರಿಂದ, ಜೋಡಿ ಕೆಲಸ ಕೊಟ್ಟಾಗ ಬೇಗ ಮುಗಿಸಿ ಇಂಗ್ಲಿಷಿಗೆ ಹೊರಳುವ ಸಹಪಾಠಿಯ ಪಕ್ಕ ಕೂರದಿರುವುದು ಮೊದಲ ಎಚ್ಚರಿಕೆ. ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತ ಬೆಳೆದ ವಿದ್ಯಾರ್ಥಿಗಳು ತರಗತಿಯಲ್ಲಿದ್ದರೆ ಅವರ ಸ್ನೇಹ ಸಂಪಾದಿಸಿ. ಹೊರನಾಡಿನಲ್ಲಿ ಬೆಳೆದ ಕನ್ನಡದ ಮಕ್ಕಳಂತೆ ಅವರಿಗೆ ನಿಯಮಗಳ ಹೆಸರು ಗೊತ್ತಿರದಿರಬಹುದು, ಆದರೆ ಯಾವುದು ಕಿವಿಗೆ ಸರಿಯೆನಿಸುತ್ತದೆಂದು ಥಟ್ಟನೆ ಹೇಳಬಲ್ಲರು.

ಮಾತು ಸರಾಗವಾಗಲು ನಾನು ಎಲ್ಲಕ್ಕಿಂತ ಹೆಚ್ಚಾಗಿ ನಂಬುವ ಅಭ್ಯಾಸ ಒಂದಿದೆ. ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ ಹೇಳುವುದು: ಮೊದಲನೆಯವರಿಗೆ 4 ನಿಮಿಷ, ಎರಡನೆಯವರಿಗೆ 3 ನಿಮಿಷ, ಮೂರನೆಯವರಿಗೆ 2 ನಿಮಿಷ. ವಿಷಯ ಮೊದಲೇ ಸಿದ್ಧವಿರುವುದರಿಂದ ಪ್ರತಿ ಸಲವೂ ಪದ ಹುಡುಕುವ ಹೊತ್ತು ಕಡಿಮೆಯಾಗಿ, ವಾಕ್ಯಗಳು ತಾವಾಗಿ ಹೊರಡುತ್ತವೆ. ಮೂರನೆಯ ಸಲದ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಆ ರಾತ್ರಿ ಕೇಳಿ. ಆ ವಾರಕ್ಕೆಂದು ಆರಿಸಿಕೊಂಡ ಒಂದೇ ಬಗೆಯ ತಪ್ಪನ್ನು, ಉದಾಹರಣೆಗೆ ಗುಣವಾಚಕದ ಲಿಂಗವನ್ನು, ಮಾತ್ರ ಗುರುತುಹಾಕಿಕೊಳ್ಳಿ. ಎಲ್ಲ ತಪ್ಪುಗಳನ್ನೂ ಒಟ್ಟಿಗೆ ತಿದ್ದಹೊರಟರೆ ಬಾಯಿ ಕಟ್ಟುತ್ತದೆ.

"ಅ ಬೇರ್", "ಪ್ವೇಸ್", "ಓ ಸೇಅ" ಎಂಬ ಪುಟ್ಟ ಮಾತುಗಳನ್ನು ಕಲಿತಿಟ್ಟುಕೊಳ್ಳಿ. ಯೋಚಿಸುವ ಹೊತ್ತಿನಲ್ಲಿ ನಾವು "ಅಂದರೆ", "ಅದೇ" ಎನ್ನುವಂತೆ ಅವರು ಇವನ್ನು ಬಳಸುತ್ತಾರೆ. ಸಂಬೋಧನೆಯ ವಿಷಯದಲ್ಲಿ "ತೂ" ಎಂಬುದು ನೀನು, "ಉಸ್ತೇದ್" ಎಂಬುದು ನೀವು, ಆದರೆ ಎರಡನೆಯದಕ್ಕೆ ಪ್ರಥಮಪುರುಷದ, ಅಂದರೆ ಅವನು ಅವಳು ಎಂಬುವುಗಳ, ಕ್ರಿಯಾರೂಪ ಬರುತ್ತದೆ. ಅರ್ಜೆಂಟೀನದಲ್ಲಿ "ತೂ" ಬದಲು "ಬೋಸ್" ಕೇಳಿಸುತ್ತದೆ. ನಾವು ಹಿರಿಯರಿಗೆಲ್ಲ ನೀವು ಎನ್ನುವ ರೂಢಿಯವರಾದ್ದರಿಂದ "ಉಸ್ತೇದ್" ಸಹಜವಾಗಿ ಬರುತ್ತದೆ. ಸ್ಪೇನಿನ ಅಧ್ಯಾಪಕರು ಹಲವೊಮ್ಮೆ "ತೂ" ಎಂದೇ ಕರೆಯಲು ಹೇಳಬಹುದು, ಹೇಳಿದರೆ ಸಂಕೋಚಪಡಬೇಡಿ. ಪದದ ಅರ್ಥದಲ್ಲಿ ಸಂದೇಹ ಬಂದಾಗ, 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸ್ಪ್ಯಾನಿಷ್ ಪದಕ್ಕೆ ಸ್ಪ್ಯಾನಿಷ್‌ನಲ್ಲೇ ವಿವರಣೆ ಓದುವ ಪದ್ಧತಿಯನ್ನು ಆರಂಭಿಸಲು ಇದೇ ತಕ್ಕ ಹಂತ.

ಈ ಎರಡು ಸೆಮಿಸ್ಟರುಗಳನ್ನು ಚೆನ್ನಾಗಿ ಮುಗಿಸಿ ಅಭ್ಯಾಸ ಮುಂದುವರಿಸಿದವರು ಸ್ಪೇನ್ ಸರ್ಕಾರದ ಸರ್ವಾಂತೆಸ್ ಸಂಸ್ಥೆ ನಡೆಸುವ ಡೆಲೆ ಎಂಬ ಸ್ಪ್ಯಾನಿಷ್ ಸಾಮರ್ಥ್ಯ ಪರೀಕ್ಷೆಯ ಬಿ1 ಹಂತವನ್ನು, ಅಂದರೆ ಯುರೋಪಿನ ಭಾಷಾ ಅಳತೆಯ ಆರು ಹಂತಗಳಲ್ಲಿ ಮೂರನೆಯದನ್ನು, ಗುರಿಯಾಗಿಟ್ಟುಕೊಳ್ಳಬಹುದು. ಭಾರತದಲ್ಲಿ ಈ ಸಂಸ್ಥೆಯ ಕೇಂದ್ರ ನವದೆಹಲಿಯಲ್ಲಿದೆ. ಓದು, ಬರಹ, ಆಲಿಸುವಿಕೆ, ಮಾತು ಎಂಬ ನಾಲ್ಕು ಭಾಗಗಳನ್ನು ತಲಾ 50 ಅಂಕಗಳ ಎರಡು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಲ್ಲೂ ಕನಿಷ್ಠ 30 ಅಂಕ ಬಂದರೆ ಮಾತ್ರ ಉತ್ತೀರ್ಣರಾಗುತ್ತಾರೆ. ಬರಹದಲ್ಲಿ ಗೆದ್ದು ಮಾತಿನಲ್ಲಿ ತೀರಾ ಹಿಂದೆ ಬಿದ್ದವರಿಗೆ ಇದು ಕಷ್ಟವಾಗುತ್ತದೆ.

ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಪದವೊಂದು ನೆನಪಾಗದೆ ಹೋದರೆ ಮೌನವಾಗಿ ಕೂರಬೇಡಿ, ಇಂಗ್ಲಿಷ್ ಪದವನ್ನೂ ಸೇರಿಸಬೇಡಿ. "ಎಸ್ ಉನ ಕೋಸ ಕೆ ಸೀರ್ಬೆ ಪಾರ", ಅಂದರೆ "ಅದು ಇಂಥದ್ದಕ್ಕೆ ಬರುವ ವಸ್ತು", ಎಂದು ಆರಂಭಿಸಿ ಅದರ ಉಪಯೋಗವನ್ನು ವಿವರಿಸಿ. ಕೊಡೆಯ ಹೆಸರು ಮರೆತರೆ ಮಳೆಯಲ್ಲಿ ನೆನೆಯದಿರಲು ಹಿಡಿಯುವ ವಸ್ತು ಎನ್ನಬಹುದು. ಹೀಗೆ ವಿವರಿಸುವಾಗ "ಕೆ" ಹಾಕಿದ ವಿಶೇಷಣ ವಾಕ್ಯವೂ ಸರಿಯಾದ ಕ್ರಿಯಾರೂಪವೂ ತಾವಾಗಿ ಬರುತ್ತವೆ, ಮತ್ತು ಪರೀಕ್ಷಕರು ಹುಡುಕುತ್ತಿರುವ ಸಾಮರ್ಥ್ಯವೂ ಅದೇ.